ಅಲ್ಮಾರಿ ಸಂದಿಯೊಳಗೆ ಕಾರ್ಪೆಟ್ ಜಗ್ಗುವ ಯೋಗ

ಕಲಬುರಗಿಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿಸುವವರು ಕಡಿಮೆ. ಮೇ ತಿಂಗಳಲ್ಲಿ ತಣ್ಣನೆಯ ಶಹಾಬಾದ್ ಫರಸಿಯ ಮೇಲೆ ಮೈ ಚಾಚುವ ಸುಖ ಬಿಟ್ಟು, ಅದಕ್ಕೆ ಕಂಬಳಿ ಹೊದಿಸಲು ಯಾರಿಗೆ ಮನಸ್ಸು ಬಂದೀತು? ಆದರೂ ಎಸಿ ಆಫೀಸು, ಹೋಮ್ ಥಿಯೇಟರ್, ಲಾಡ್ಜಿನ ಕಾರಿಡಾರು ಎಂದು ಕೆಲಸ ಬರುತ್ತದೆ. ನಡುಕೋಣೆಯಲ್ಲಿ ತಕರಾರಿಲ್ಲ. ಸುಕ್ಕು ಉಳಿಯುವುದು ಅಲ್ಮಾರಿ ಒಳಗೆ, ಬಾಗಿಲ ಹಿಂದೆ. ಅಲ್ಲೇ ಬೀಗರು ಎಡವುತ್ತಾರೆ.

ಸಂದಿ ಎಂದಕೂಡಲೇ ಎಲ್ಲರೂ ಕಾರ್ಪೆಟ್ಟಿನ ಅಳತೆ ಹಿಡಿಯುತ್ತಾರೆ. ಹಿಡಿಯಬೇಕಾದ್ದು ಜಗ್ಗುವವನ ಅಳತೆ. ಕಾಲಿನಿಂದ ಗುದ್ದಿ ಕಾರ್ಪೆಟ್ಟನ್ನು ಗೋಡೆಯತ್ತ ಜಗ್ಗುವ ನೀ-ಕಿಕ್ಕರ್ ಸುಮಾರು ಒಂದೂವರೆ ಅಡಿ ಉದ್ದ: ಮುಂದೆ ಹಲ್ಲು, ಹಿಂದೆ ಮೆತ್ತೆ. ಅದರ ಹಿಂದೆ ಮಂಡಿಯೂರಿ ಕಾಲು ಬೀಸಲು ಜಾಗ ಬೇಕು. ಎರಡಡಿ ಆಳದ ಅಲ್ಮಾರಿಯಲ್ಲಿ ಬಾಗಿಲ ಹೊರಗೆ ಕೂತು ಒಳಗೋಡೆಗೆ ಗುದ್ದಬಹುದು. ಅಡ್ಡಗೋಡೆಗಳ ಕಡೆಗೆ ತಿರುಗಿದರೆ ಹಿಮ್ಮಡಿ ಹಲಗೆಗೆ ಬಡಿಯುತ್ತದೆ. ಹೊರಗೆ ನಿಂತವರು ಮಾತ್ರ "ಇನ್ನೀಟು ಜೋರ್ ಜಗ್ರಿ ಕಾಕಾ" ಅನ್ನುತ್ತಿರುತ್ತಾರೆ.

ಗುದ್ದುವುದು ಮೊಣಚಿಪ್ಪಿನಿಂದಲ್ಲ, ಅದರ ತುಸು ಮೇಲಿನ ತೊಡೆಯಿಂದ. ಇಲ್ಲದಿದ್ದರೆ ಕೂಲಿಯ ಹಣ ಎಲುಬಿನ ಡಾಕ್ಟರಿಗೆ. ಗೋಡೆಯಂಚಿನಲ್ಲಿ ಕಾರ್ಪೆಟ್ಟನ್ನು ಕಚ್ಚಿ ಹಿಡಿಯುವ ಮುಳ್ಳುಪಟ್ಟಿಯಿಂದ ಕಿಕ್ಕರಿನ ತಲೆ ಒಂದಿಂಚು ಹಿಂದಿರಲಿ. ಪಟ್ಟಿಯ ಮೇಲೇ ಇಟ್ಟರೆ ಪಟ್ಟಿ ಕೀಳುತ್ತದೆ. ದೂರವಿಟ್ಟರೆ ಎಳೆತ ಅಂಚಿಗೆ ಮುಟ್ಟದೆ ಕಾರ್ಪೆಟ್ ಹಿಂದೆ ಸರಿಯುತ್ತದೆ. ಹಲ್ಲಿನ ಆಳ ತಿರುಪಿನಿಂದ ಹೊಂದಿಸಿ: ಕಾರ್ಪೆಟ್ಟಿನ ಬೆನ್ನು ಹಿಡಿದರೆ ಸಾಕು, ಅಡಿಯ ಮೆತ್ತೆಗೆ ಇಳಿಯಬಾರದು. ಎಳೆ ಕತ್ತರಿಸದೆ ಕುಣಿಕೆಯಾಗೇ ಬಿಟ್ಟ ಲೂಪ್ ಕಾರ್ಪೆಟ್ ಆದರೆ ಒಂದು ಎಳೆ ಕಿತ್ತು ಸಾಲೇ ಬಿಚ್ಚುತ್ತದೆ.

ಕಾರಿಡಾರಿನ ಉದ್ದಕ್ಕೆ ಪವರ್ ಸ್ಟ್ರೆಚರ್, ಅಂದರೆ ಉದ್ದ ಕೊಳವೆಯ, ಸನ್ನೆಯಿಂದ ಜಗ್ಗುವ ಸಾಧನ, ಬೇಕೇ ಬೇಕು, ಗುದ್ದಿ ಮುಗಿಯುವ ಮಾತಲ್ಲ. 12 ಅಡಿಗೆ ಸುಮಾರು ಒಂದೂವರೆ ಇಂಚು ಎಳೆದರೆ ಮಳೆಗಾಲದ ತೇವಕ್ಕೂ ಉಬ್ಬುವುದಿಲ್ಲ. ಅದರ ಬಾಲ ಎದುರು ಗೋಡೆಗೆ ಒತ್ತಿಕೊಳ್ಳುವುದರಿಂದ ನಡುವೆ ಉದ್ದನೆಯ ಮರದ ತುಂಡು ಅಡ್ಡವಿಡಿ. ಜಿಪ್ಸಮ್ ಪಾರ್ಟಿಶನ್ ಆದರೆ ಕಾರ್ಪೆಟ್ಟಿಗಿಂತ ಮೊದಲು ಗೋಡೆ ಹೊರಡುತ್ತದೆ.

ಎರಡೂ ಹಿಡಿಸದ ಕಡೆ ಪುಟ್ಟ ಕ್ರ್ಯಾಬ್ ಸ್ಟ್ರೆಚರ್. ಎರಡು ಹಲ್ಲಿನ ತಲೆ, ನಡುವೆ ಹಿಡಿಕೆ; ಮೊಣಕಾಲಿಗೆ ಕೆಲಸವಿಲ್ಲ. ಆದರೆ ಹಿಂದಿನ ತಲೆ ಕಚ್ಚಿದ ಭಾಗ ಮೊದಲೇ ಗಟ್ಟಿ ಕೂತಿರಬೇಕು. ಇಲ್ಲದಿದ್ದರೆ ಹಿಂದಿನದೇ ಮುಂದೆ ಬಂದು, ಸುಕ್ಕು ಮನೆ ಬದಲಿಸುತ್ತದೆ ಅಷ್ಟೇ.

ಇಷ್ಟು ಸಾಮಾನು ತಂದು ಮುಳ್ಳುಪಟ್ಟಿಯಲ್ಲಿ ಕೆಡಿಸಿಕೊಳ್ಳುವವರೇ ಹೆಚ್ಚು. ಮುಳ್ಳು ಗೋಡೆಯ ಕಡೆ ವಾಲಿರಬೇಕು. ತಿರುವಿದರೆ ಎಳೆದದ್ದೆಲ್ಲ ಬಿಟ್ಟುಕೊಡುತ್ತದೆ. ಗೋಡೆಗೂ ಪಟ್ಟಿಗೂ ನಡುವೆ ಕಾರ್ಪೆಟ್ಟಿನ ದಪ್ಪಕ್ಕಿಂತ ತುಸು ಕಡಿಮೆ ಸಂದು ಬಿಡಿ, ಅಂಚನ್ನು ಅಗಲ ಉಳಿಯಿಂದ ಅಲ್ಲಿಗೆ ತುರುಕಬೇಕು. ಫರಸಿಗೆ ಮಾತ್ರ ನೇರ ಮೊಳೆ ಹೊಡೆಯಬೇಡಿ, ಪದರು ಪದರಾಗಿ ಏಳುತ್ತದೆ. ಡ್ರಿಲ್ ಹಾಕಿ ಪ್ಲಗ್ ಕೂರಿಸಿ, ಅಥವಾ ಗಟ್ಟಿ ಅಂಟು ಹಚ್ಚಿ ಪೂರಾ ಒಣಗಿದ ಮೇಲೆಯೇ ಜಗ್ಗಿ. ಬಾಗಿಲು ಅಡಿಯಲ್ಲಿ ಎಷ್ಟು ಎತ್ತರವಿದೆ ಎಂಬುದನ್ನೂ ಆಗಲೇ ನೋಡಿಬಿಡಿ. ಕಾರ್ಪೆಟ್ ಕೂತ ಮೇಲೆ ಬಾಗಿಲು ಉಜ್ಜಿದರೆ, ಅದನ್ನು ಕೆತ್ತಲು ಬಡಗಿ ಹೇಳಿದ್ದೇ ರೇಟು.