ಆವಿಗೆಯಿಲ್ಲದ ಕುಂಬಾರ

ಮಣ್ಣೆತ್ತಿನ ಅಮಾಸಿ ಹತ್ತಿರ ಬಂತೆಂದರೆ ಧಾರವಾಡದ ಓಣಿಗಳಿಗೆ ಬುಟ್ಟಿ ಹೊತ್ತು ಎತ್ತು ಮಾರುವವರು ಬರುತ್ತಾರೆ. ಸುಡದ ಹಸಿಮಣ್ಣಿನ ಎತ್ತು. ಒಂದೆರಡು ದಿನ ಬಿಸಿಲು ಕಂಡರೆ ಕೋಡಿನ ಬುಡದಲ್ಲೇ ಬಿರುಕು. ಎರಿಮಣ್ಣಾದರೆ, ಅಂದರೆ ಕಪ್ಪು ಮಣ್ಣಾದರೆ, ಇನ್ನೂ ಬೇಗ. ಅದು ನೀರು ಕುಡಿದು ಉಬ್ಬಿದಷ್ಟೇ ಆರುವಾಗ ಕುಗ್ಗುತ್ತದೆ. ಗದಗಿನ ಕಡೆಯ ಹೊಲಗಳು ಬೇಸಿಗೆಗೆ ಬಾಯಿ ಬಿಡುವುದೂ ಇದರಿಂದಲೇ. ಅದಕ್ಕೇ ಕುಂಬಾರರು ಮಣ್ಣಿಗೆ ಬೂದಿ, ಲದ್ದಿ, ಸಣ್ಣ ಉಸುಕು ಬೆರೆಸಿ ತುಳಿಯುವುದು.

ಅದೇ ಮಳೆಗಾಲದಲ್ಲಿ ಶಿರಸಿಯಾಚೆ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ತೊರೆಗಳಲ್ಲಿ ಇನ್ನೊಬ್ಬ ಕುಂಬಾರ ಕೆಲಸಕ್ಕೆ ಇಳಿಯುತ್ತಾನೆ. 4 ಸೆಂ.ಮೀ. ಆಸುಪಾಸಿನ ಕಂದು ಕಪ್ಪೆ. 2014ರಲ್ಲಿ ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ಹೊಸ ಪ್ರಭೇದವೆಂದು ವಿವರಿಸಿ 'ನಿಕ್ಟಿಬಟ್ರಾಕಸ್ ಕುಂಬಾರ' ಎಂದು ಕರೆದರು. ಲ್ಯಾಟಿನ್ ಹೆಸರುಗಳ ಸಾಲಿನಲ್ಲಿ ನಮ್ಮ ಕುಂಬಾರ ಹಾಗೇ ಕೂತಿದ್ದಾನೆ, ಒಂದಕ್ಷರವೂ ಬದಲಾಗದೆ.

ಕೆಲಸ ನಡೆಯುವುದು ರಾತ್ರಿ. ತಿಳಿನೀರಿನಲ್ಲಿ ಕೂತು ಗಂಡು ಕೂಗುತ್ತದೆ. ಬಂದ ಹೆಣ್ಣು ನೀರಿನ ಮೇಲಿರುವ ಕಡ್ಡಿಗೆ ತಲೆಕೆಳಗಾಗಿ, ಮುಂಗೈ ಊರಿ ನಿಂತು ಮೊಟ್ಟೆ ಅಂಟಿಸಿ ಹೊರಟುಬಿಡುತ್ತದೆ. ಇನ್ನು ಬಾಣಂತನವೆಲ್ಲ ಗಂಡಿನದು. ಹಿಂಗಾಲ ಮೇಲೆ ಎದ್ದು ನಿಂತು, ತೊರೆಯ ತಳದ ಕೆಸರನ್ನು ಎರಡೂ ಮುಂಗೈಯಿಂದ ಬಾಚಿ, ಮೊಟ್ಟೆಗೆ ಮೆತ್ತುತ್ತದೆ. ಮತ್ತೆ ಬಗ್ಗು, ಮತ್ತೆ ಬಾಚು, ಮತ್ತೆ ಮೆತ್ತು, ಮೊಟ್ಟೆ ಕಾಣದಂತಾಗುವವರೆಗೆ. ಬರಿಗಣ್ಣಿಗೆ ಆಗ ಅದು ಕಡ್ಡಿಗಂಟಿದ ಕೆಸರು, ಅಷ್ಟೇ. ಮೊಟ್ಟೆ ತಿನ್ನುವವರ ಕಣ್ಣಿಗೂ ಹಾಗೇ ಕಂಡೀತೆಂಬುದು, ತೇವ ಆರದೆ ಉಳಿದೀತೆಂಬುದು ಬಲ್ಲವರ ಲೆಕ್ಕ.

ಲದ್ದಿ ಇಲ್ಲ, ಬೂದಿ ಇಲ್ಲ, ತಿರುಗುವ ತಿಗರಿ ಇಲ್ಲ, ಆದರೂ ಬಿರುಕಿಲ್ಲ. ಗುಟ್ಟು ಮಣ್ಣಿನಲ್ಲಲ್ಲ, ಗಾಳಿಯಲ್ಲಿದ್ದೀತು. ಮರಗಳ ನೆರಳಡಿ ತೊರೆಯ ಮೇಲಿನ ಗಾಳಿ ಸದಾ ಹಸಿ, ಮೆತ್ತಿದ ಕೆಸರು ಆರಲಿಕ್ಕೇ ಪುರಸೊತ್ತಿಲ್ಲ. ಮೇಲಿನ ಮರ ಕಡಿದು ಬಿಸಿಲು ಬಿತ್ತೋ, ಅದೂ ಮಣ್ಣೆತ್ತಿನ ಕೋಡೇ. ತೊರೆ ಉಕ್ಕಿ ಬಂದರಂತೂ 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ಕಪ್ಪೆಗೂ ಹೇಳಬೇಕು.

ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಕಾಣುವ ಗದಗಿನ ಗೂಳಿಕಪ್ಪೆಗೆ ಈ ಚಾಕರಿ ಯಾವುದೂ ಬೇಡ. ಮೊದಲ ಜೋರು ಮಳೆಗೆ ಗುಂಡಿಯಲ್ಲಿ ವಟಗುಟ್ಟಿ, ಸಾವಿರಗಟ್ಟಲೆ ಮೊಟ್ಟೆ ಸುರಿದು ಹೋಗುತ್ತದೆ. ಗುಂಡಿ ಬತ್ತುವ ಮೊದಲು ಬೆಳೆದದ್ದು ಉಳಿಯಿತು. ಕತ್ತಲೆಕಾನಿನಲ್ಲಿ ಮಾತ್ರ ಮರಿ ಕೆಸರಿನ ಗೂಡು ಬಿಟ್ಟು ಜಾರಿದರೆ ಕೆಳಗೆ ನೀರೇ ಇರುತ್ತದೆ.