ಎರಡು ಸಲ ಬಿದ್ದ ಉಪ್ಪು

ಹೋದ ಭಾನುವಾರ ನಮ್ಮನೆ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಹೆಂಡತಿ ಮಿಕ್ಸಿ ತಿರುಗಿಸುತ್ತಲೇ "ರೀ, ಉಪ್ಪು ಹಾಕಿದೀನಿ" ಅಂದಳಂತೆ. ಆ ಗಲಾಟೆಯಲ್ಲಿ ನನಗೆ ಕೇಳಿಸಿದ್ದರೆ ತಾನೆ? ಪಾಪ, ಮರೆತಿದ್ದಾಳೆ ಅಂತ ನಾನೂ ಒಂದು ಚಮಚ ಸುರಿದೆ. ಊಟಕ್ಕೆ ಬಂದಿದ್ದ ಮಾವ ಒಂದು ತುತ್ತು ತಿಂದು, ಎರಡು ಲೋಟ ನೀರು ಕುಡಿದು, "ಸಾರು ಚೆನ್ನಾಗಿದೆ" ಅಂದರು. ಹಳೇ ಮೈಸೂರಿನವರು, ಬಾಯಿಬಿಟ್ಟು ಹೇಳೋದುಂಟೇ!

"ಇದಕ್ಕೆ ನಮ್ಮ ಕೆಲಸದಲ್ಲಿ ಸ್ಪ್ಲಿಟ್ ಬ್ರೇನ್ ಅಂತಾರೆ ಕಣೇ" ಅಂತ ವಿವರಿಸಲು ಹೋದೆ. ಪಾತ್ರೆ ತೊಳೆಯೋ ಕೆಲಸ ನನ್ನ ಪಾಲಿಗೆ ಬಂತು.

ನಾನು ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವವನು. ಒಂದು ಸರ್ವರ್ ಕೈಕೊಟ್ಟರೂ ಕೆಲಸ ನಿಲ್ಲಬಾರದು, ಎರಡನ್ನು ಸೇರಿಸಿ ಕ್ಲಸ್ಟರ್ ಮಾಡಿ ಅಂದರು. ಎರಡಕ್ಕೂ ಅವರವರದೇ ಐಪಿ ಅಡ್ರೆಸ್, ಅಂದರೆ ನೆಟ್‌ವರ್ಕಿನಲ್ಲಿ ಹುಡುಕುವ ವಿಳಾಸ, ಇರುತ್ತದೆ. ಅದರ ಮೇಲೆ ಇನ್ನೊಂದು, ಫ್ಲೋಟಿಂಗ್ ಐಪಿ. ಯಾವುದು ಕೆಲಸದಲ್ಲಿದೆಯೋ ಅದು ಆ ಅಡ್ರೆಸ್ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ ಬಾಗಿಲು ಯಾರೇ ತೆಗೆಯಲಿ, ಕಾಲಿಂಗ್ ಬೆಲ್ ಒಂದೇ ಅಲ್ವಾ, ಹಾಗೆ. ಇವೆರಡೂ ಸದಾ "ಇದೀಯಾ?" "ಇದೀನಿ" ಅಂತ ಮಾತಾಡಿಕೊಳ್ಳುತ್ತಿರಬೇಕು. ಅದನ್ನು ನೋಡಿಕೊಳ್ಳೋದು ಕೋರೋಸಿಂಕ್ ಅನ್ನೋ ಸಾಫ್ಟ್‌ವೇರ್. ಮಾತು ಹೋಗೋದು ಯುಡಿಪಿ ಅನ್ನೋ ಪದ್ಧತಿಯಲ್ಲಿ, 5405ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಕಿಂಡಿಯಲ್ಲಿ.

ಯಾವ ಕಿಂಡಿಯಲ್ಲಿ ಮಾತು ಬಿಡಬೇಕು, ಬಿಡಬಾರದು ಅಂತ ಕಾಯೋದು ಫೈರ್‌ವಾಲ್. ಅದರಲ್ಲಿ ಆ 5405 ತೆರೆಯೋದನ್ನೇ ನಾನು ಮರೆತಿದ್ದೆ.

ಇದಕ್ಕೆ ಅದು ಸತ್ತಿದೆ ಅನ್ನಿಸಿತು, ಅದಕ್ಕೆ ಇದು ಸತ್ತಿದೆ ಅನ್ನಿಸಿತು. ಎರಡೂ ಒಂದೇ ಅಡ್ರೆಸ್ ಹಾಕಿಕೊಂಡು ಯಜಮಾನಿಕೆ ಶುರು ಮಾಡಿದವು. ಸ್ಪ್ಲಿಟ್ ಬ್ರೇನ್ ಅಂದರೆ ಇದೇ. ಅಕೌಂಟ್ಸ್ ಮೇಡಂ ಬಂದು, "ಏನ್ರೀ ಇದು, ನಾನು ಹಾಕಿದ ಬಿಲ್ಲು ಒಂದ್ಸಲ ಇರತ್ತೆ, ಒಂದ್ಸಲ ಇರಲ್ಲ" ಅಂದರು. ಪುಣ್ಯಕ್ಕೆ ಅದು ಬರೀ ಟ್ರಯಲ್ಲು.

ಪೋರ್ಟ್ ತೆರೆದೆ. ಎಚ್ಚರಿಕೆಗೆ ಎರಡೆರಡು ಕೇಬಲ್ ಎಳೆದೆ. ಫೆನ್ಸಿಂಗ್ ಕೂಡ ಹಾಕಿದೆ. ಅಂದರೆ, ಜೊತೆಯವನ ಉತ್ತರ ಬರದಿದ್ದರೆ ಸುಮ್ನೆ ಊಹೆ ಮಾಡಬೇಡ, ಅವನ ಕರೆಂಟ್ ತೆಗೆದುಬಿಡು ಅನ್ನೋ ವ್ಯವಸ್ಥೆ. ಅದರ ಹೆಸರು ಸ್ಟೋನಿತ್. ಬಿಡಿಸಿ ಹೇಳಿದರೆ 'ಇನ್ನೊಬ್ಬನ ತಲೆಗೆ ಗುಂಡು ಹೊಡಿ'. ಹೆಸರಿಟ್ಟವರಿಗೂ ಮನೆಯಲ್ಲಿ ಸಾರಿನ ಗಲಾಟೆ ಇದ್ದಿರಬೇಕು.

ಸಂಜೆ ನನ್ನ ಮೊಬೈಲ್ ಚಾರ್ಜ್ ಮುಗಿದಿತ್ತು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿದ್ದ ಒಂದು ಪ್ಲಗ್ ಕಿತ್ತು ನನ್ನ ಚಾರ್ಜರ್ ಸಿಕ್ಕಿಸಿದೆ. ಅದು ನೆಟ್‌ವರ್ಕ್ ಸ್ವಿಚ್ಚಿನದು, ಅಂದರೆ ನೆಟ್‌ವರ್ಕ್ ಕೇಬಲ್ಲುಗಳನ್ನೆಲ್ಲ ಸೇರಿಸುವ ಡಬ್ಬಿಯದು. ಎಚ್ಚರಿಕೆಯ ಎರಡೂ ಕೇಬಲ್ಲುಗಳನ್ನು ನಾನು ಆ ಒಂದೇ ಸ್ವಿಚ್ಚಿಗೆ ಹಾಕಿದ್ದೆ! ಗುಂಡು ಹೊಡೆಯೋ ಆಜ್ಞೆ ಹೋಗುವ ದಾರಿ ಮಾತ್ರ ಬೇರೆ ಸ್ವಿಚ್ಚಿನಲ್ಲಿ ಗಟ್ಟಿಯಾಗಿತ್ತು. ಮಾತಾಡುವ ದಾರಿ ಬಂದ್, ಹೊಡೆಯುವ ದಾರಿ ಸಲೀಸು. ಇದು ಅದರ ಕರೆಂಟ್ ತೆಗೆಯಿತು, ಅದು ಇದರದ್ದು ತೆಗೆಯಿತು, ಒಟ್ಟಿಗೇ. ಫ್ಯಾನುಗಳ ಗುಂಯ್ ಸದ್ದು ನಿಂತುಹೋಯಿತು. ನನ್ನ ಮೊಬೈಲ್ ಮಾತ್ರ 4 ಪರ್ಸೆಂಟ್ ತೋರಿಸುತ್ತಾ ಚಾರ್ಜ್ ಆಗುತ್ತಿತ್ತು.

ಇಬ್ಬರ ಜಗಳಕ್ಕೆ ಮೂರನೆಯವರ ಮತ ಬೇಕು, ಇನ್ನೊಂದು ಮಷೀನ್ ಕೊಡಿಸಿ ಅಂತ ಕೇಳಿದೆ. "ಇರೋದರಲ್ಲೇ ನೋಡ್ಕೊಳ್ಳಿ" ಅಂದರು. ಕೊನೆಗೆ ಎರಡನೇ ಸರ್ವರ್ರಿಗೆ, ಗುಂಡು ಹೊಡೆಯೋ ಮುಂಚೆ 10 ಸೆಕೆಂಡ್ ಕಾಯಪ್ಪ ಅಂತ ಹೇಳಿಟ್ಟೆ. ಅಷ್ಟರಲ್ಲಿ ಮೊದಲನೆಯದು ಹೊಡೆದು ಮುಗಿಸಿರುತ್ತದೆ, ಒಂದಾದರೂ ಉಳಿಯುತ್ತದೆ. ಒಂದಕ್ಕೆ ಮಾತ್ರ ಹೇಳಬೇಕು. ಎರಡಕ್ಕೂ ಅಷ್ಟೇ ಹೊತ್ತು ಕಾಯಲು ಹೇಳಿದರೆ, 10 ಸೆಕೆಂಡ್ ಕಳೆದ ಮೇಲೆ ಮತ್ತೆ ಅದೇ ಕಥೆ.

ಈ ಉಪಾಯ ಮನೆಗೂ ಒಳ್ಳೆಯದು ಅನ್ನಿಸಿತು. ಉಪ್ಪಿನ ವಿಷಯದಲ್ಲಿ ನಾನು ಕಾಯುತ್ತೇನೆ ಅಂತ ತೀರ್ಮಾನ ಮಾಡಿಕೊಂಡೆ. ಹೆಂಡತಿಗೆ ಹೇಳಲಿಲ್ಲ. ಅವಳೂ ಅದನ್ನೇ ತೀರ್ಮಾನ ಮಾಡಿದ್ದಳು, ನನಗೆ ಹೇಳಿರಲಿಲ್ಲ.

ಈ ಭಾನುವಾರ ಮಾವ ಮೂರು ಸಲ ಉಪ್ಪಿನಕಾಯಿ ಹಾಕಿಸಿಕೊಂಡರು. "ಸಾರು ಚೆನ್ನಾಗಿದೆ" ಅಂದರು.