ಕೋಷ್ಟಕ ಇಳಿಸಿ, ಹೊರೆ ಉಳಿಸಿ

ಶಾಲೆ ಮಕ್ಕಳ ಬೆನ್ನಿನ ಮೇಲೆ, ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿಗೆ ಇರುವ ಕರುಣೆ ಅಷ್ಟಿಷ್ಟಲ್ಲ. ಕೋವಿಡ್ ಬಂತು, ಪಾಠ ಹಿಂದೆ ಬಿತ್ತು, ಹೊರೆ ಜಾಸ್ತಿ ಆಯ್ತು ಅಂತ ಕತ್ತರಿ ಹಿಡಿದು ಕೂತರು. 2023ರಲ್ಲಿ ಹೊಸ ಪುಸ್ತಕ ಕೈಗೆ ಬಂದಾಗ ಹತ್ತನೇ ತರಗತಿ ವಿಜ್ಞಾನದಲ್ಲಿ ಒಂದು ಪಾಠ ಮಾಯ. ಪಿರಿಯಾಡಿಕ್ ಟೇಬಲ್. ಕನ್ನಡ ಮೀಡಿಯಂನವರು ಆವರ್ತ ಕೋಷ್ಟಕ ಅಂತ ಓದಿದ್ದು. ಧಾತುಗಳನ್ನೆಲ್ಲ ಗುಣ ನೋಡಿ ಸಾಲಾಗಿ ಕೂರಿಸಿದ ಪಟ್ಟಿ, ಲ್ಯಾಬಿನ ಗೋಡೆ ಮೇಲೆ ಧೂಳು ಹಿಡಿದು ತೂಗುತ್ತಿತ್ತಲ್ಲ, ಅದೇ. (ಜೀವವಿಕಾಸವೂ ಅದರ ಜೊತೆಗೇ ಹೋಯಿತು. ಆ ಜಗಳ ಇನ್ನೊಂದು ದಿನಕ್ಕಿರಲಿ.)

ಪಾಠ ತೆಗೆಯೋಕೆ ಅವರು ಕೊಟ್ಟ ಕಾರಣಗಳನ್ನು ನೋಡಬೇಕು. ಬೇರೆ ಕಡೆ ಇದ್ದರೆ ತೆಗೆಯಬಹುದು. ಕಷ್ಟ ಇದ್ದರೆ ತೆಗೆಯಬಹುದು. ಮಕ್ಕಳು ತಾವೇ ಓದಿಕೊಳ್ಳುವಷ್ಟು ಸುಲಭ ಇದ್ದರೂ ತೆಗೆಯಬಹುದು. ಈ ಕಾಲಕ್ಕೆ ಬೇಡ ಅನ್ನಿಸಿದರಂತೂ ತೆಗೆದೇಬಿಡಬಹುದು. ಈ ಬಲೆಗೆ ಬೀಳದ ಪಾಠ ಯಾವುದಾದರೂ ಇದೆಯಾ ಹೇಳಿ. ಕಷ್ಟ ಅಂದರೂ ಹೊರಗೆ, ಸುಲಭ ಅಂದರೂ ಹೊರಗೆ.

ಈಗ ರಷ್ಯಾಕ್ಕೆ ಹೋಗೋಣ. 1869. ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೇಷ್ಟ್ರು ಡಿಮಿಟ್ರಿ ಮೆಂಡಲೀವ್ ತಮ್ಮ ವಿದ್ಯಾರ್ಥಿಗಳಿಗೆ ಅಂತ ಪಠ್ಯಪುಸ್ತಕ ಬರೆಯುತ್ತಿದ್ದರು. ಆಗ ಗೊತ್ತಿದ್ದ ಧಾತುಗಳು 63. ಮೊದಲ ಸಂಪುಟ ಮುಗಿಯುವ ಹೊತ್ತಿಗೆ ಎಂಟರ ಕಥೆ ಮಾತ್ರ ಆಗಿತ್ತು. ಉಳಿದ 55ನ್ನು ಎರಡನೇ ಸಂಪುಟದಲ್ಲಿ ತುರುಕಬೇಕು. ಒಂದೊಂದನ್ನೇ ಹೇಳುತ್ತಾ ಕೂತರೆ ಮುಗಿಯುವ ಮಾತಲ್ಲ. ಅದಕ್ಕೇ ಪರಮಾಣು ತೂಕದ ಪ್ರಕಾರ ಜೋಡಿಸಿ, ಒಂದೇ ಗುಣದವನ್ನು ಒಂದೇ ಸಾಲಿಗೆ ತಂದು, ಇಡೀ ಸಂತೆಯನ್ನು ಒಂದು ಹಾಳೆಗೆ ಇಳಿಸಿದರು. ಅಂದರೆ ಆವರ್ತ ಕೋಷ್ಟಕ ಹುಟ್ಟಿದ್ದೇ ಸಿಲಬಸ್ ಹೊರೆ ಇಳಿಸೋಕೆ! ಹೊರೆ ಇಳಿಸುವ ಹೆಸರಿನಲ್ಲಿ ನಾವು ತೆಗೆದದ್ದು ಅದನ್ನೇ.

ಆ ಹಾಳೆ ಎಷ್ಟು ಕೆಲಸಕ್ಕೆ ಬಂತು ಅಂದರೆ, ಮೆಂಡಲೀವ್ ಕೆಲವು ಮನೆ ಖಾಲಿ ಬಿಟ್ಟು, ಇಲ್ಲಿಗೆ ಇಂಥ ಗುಣದವರು ಬರುತ್ತಾರೆ ಅಂತ ಬರೆದಿಟ್ಟರು. 1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬುವಾಬೋದ್ರಾನ್ ಗ್ಯಾಲಿಯಂ ಕಂಡುಹಿಡಿದು, ಸಾಂದ್ರತೆ ನೀರಿನ 4.7 ಪಟ್ಟು ಅಂದರು. ಅದನ್ನು ಕಣ್ಣಲ್ಲೂ ನೋಡಿರದ ಮೆಂಡಲೀವ್, "ಅಲ್ಲ, 5.9ರ ಹತ್ತಿರ ಇರಬೇಕು, ಇನ್ನೊಮ್ಮೆ ಅಳೆಯಿರಿ" ಅಂತ ತಿಳಿಸಿದರು. ಶುದ್ಧ ಮಾಡಿ ಅಳೆದರೆ 5.9! ಆಮೇಲೆ 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ತಮ್ಮ ತಮ್ಮ ಮನೆ ಸೇರಿಕೊಂಡವು.

ಇತ್ತ ನಮ್ಮ ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಲೋಹ ಮತ್ತು ಅಲೋಹಗಳ ಪಾಠ ಭದ್ರವಾಗಿ ಉಳಿದಿದೆ. ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಚಾಕುವಿನಲ್ಲಿ ಕತ್ತರಿಸುವಷ್ಟು ಮೆತ್ತಗೆ. ಸರಿ. ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸಿಡಬೇಕು, ಹೊರಗಿಟ್ಟರೆ ಬೆಂಕಿ. ಅದೂ ಸರಿ. ಇವೆಲ್ಲಕ್ಕೂ ಒಂದೇ ಬುದ್ಧಿ ಯಾಕೆ? ಮೂರೂ ಒಂದೇ ಕಂಬಸಾಲಿನವು, ಪರಮಾಣುವಿನ ಹೊರಗಿನ ಕವಚದಲ್ಲಿ ಒಂದೊಂದೇ ಎಲೆಕ್ಟ್ರಾನ್ ಅನ್ನೋ ಒಂದು ಸಾಲಿನ ಉತ್ತರ ಕಿತ್ತುಹೋದ ಪಾಠದಲ್ಲಿತ್ತು. ಈಗ ಮಗು ಮೂರನ್ನೂ ಬೇರೆ ಬೇರೆಯಾಗಿ ಉರು ಹೊಡೆಯಬೇಕು. ಅಡುಗೆಮನೆ ಹಗುರ ಮಾಡ್ತೀನಿ ಅಂತ ಡಬ್ಬಿಗಳನ್ನೆಲ್ಲ ಹಾಗೇ ಬಿಟ್ಟು ಮೇಲಿನ ಚೀಟಿಗಳನ್ನು ಮಾತ್ರ ಕಿತ್ತೆಸೆದರೆ ಹೀಗೇ ಆಗೋದು.

ಗಲಾಟೆ ಎದ್ದಾಗ ಸಮಜಾಯಿಷಿ ಬಂತು: ಪಾಠ ಎಲ್ಲಿಗೂ ಹೋಗಿಲ್ಲ, ಹನ್ನೊಂದರಲ್ಲಿ ವಿವರವಾಗಿ ಇದೆ. ನಿಜ, ಇದೆ. ಸೈನ್ಸ್ ತಗೊಂಡವರಿಗೆ. ಕಾಮರ್ಸ್, ಆರ್ಟ್ಸ್ ಕಡೆ ಹೋದ ಮಗುವಿನ ಜಗತ್ತಿನಲ್ಲಿ ಧಾತುಗಳು ಸಾಲು ಇಲ್ಲದೇ ನಿಂತಿರಲಿ ಬಿಡಿ. ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ನಿಕ್ಷೇಪ ಅನ್ನೋ ಸುದ್ದಿ ಬಂದರೆ ಅದು ಷೇರು ಮಾರುಕಟ್ಟೆಯ ಸುದ್ದಿ ಅಂದುಕೊಂಡು ಓದಿದರಾಯ್ತು. ವಿಶ್ವಸಂಸ್ಥೆ 2019ನ್ನು ಆವರ್ತ ಕೋಷ್ಟಕದ ವರ್ಷ ಅಂತ ಸಾರಿದಾಗ 150 ವರ್ಷದ ಸಂಭ್ರಮ ಮಾಡಿದವರಲ್ಲಿ ನಾವೂ ಇದ್ದೆವು. ಹಬ್ಬ ಮುಗಿದು ನಾಲ್ಕೇ ವರ್ಷಕ್ಕೆ ಹತ್ತನೇ ಕ್ಲಾಸಿಗೆ ದೇವರ ವಿಸರ್ಜನೆ.

ಕೋಷ್ಟಕ ಭಾರ ಅನ್ನುವವರಿಗೆ ಹಳೇ ಉಪಾಯ ಒಂದಿದೆ. 1866ರಲ್ಲಿ ಜಾನ್ ನ್ಯೂಲ್ಯಾಂಡ್ಸ್, ಧಾತುಗಳ ಗುಣ ಪ್ರತಿ ಎಂಟನೆಯದಕ್ಕೆ ಮರುಕಳಿಸುತ್ತೆ ಅಂತ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಹೇಳಿದಾಗ, ಸಭೆಯಲ್ಲಿದ್ದ ಒಬ್ಬರು, ಅಕ್ಷರಮಾಲೆ ಪ್ರಕಾರ ಜೋಡಿಸಿ ನೋಡಿದ್ದೀರಾ ಅಂತ ಲೇವಡಿ ಮಾಡಿದರಂತೆ. ಅದನ್ನೇ ಜಾರಿಗೆ ತರಬಹುದಲ್ಲ? ಗುಂಪಿಲ್ಲ, ಎಲೆಕ್ಟ್ರಾನ್ ಇಲ್ಲ, ತಲೆನೋವಿಲ್ಲ. ಆಮ್ಲಜನಕ, ಇಂಗಾಲ, ಕಬ್ಬಿಣ, ಗಂಧಕ, ಚಿನ್ನ, ಜಲಜನಕ, ತವರ, ತಾಮ್ರ ಅಂತ ಎಲ್‌ಕೆಜಿ ಮಗುವೂ ಹೇಳುತ್ತೆ. ಸೀಸದ ಪಕ್ಕದ ಮನೆಗೆ ಸೀಸಿಯಂ ಬರುತ್ತೆ. ಒಂದು ನೀರಿಗೆ ಬಿದ್ದರೆ ಸುಮ್ನೆ ಮುಳುಗುತ್ತೆ, ಇನ್ನೊಂದು ಢಮಾರ್ ಅನ್ನುತ್ತೆ. ಪರವಾಗಿಲ್ಲ, ಬದುಕಿ ಉಳಿದವರಿಗೆ ಹನ್ನೊಂದರಲ್ಲಿ ವಿವರವಾಗಿ ಇದೆ.